ಕೆಲಸ ಮಾಡುತ್ತಲೇ ವಿಕಲಚೇತನ ಪಿಂಚಣಿಗೆ ಅರ್ಜಿ: ಕುಟುಂಬಗಳೂ ದಾನಿಗಳೂ ತಿಳಿದಿರಬೇಕಾದದ್ದು



ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಟ್ರಸ್ಟ್ ಕಚೇರಿಗೆ ಬರುವ ಮನೆಗಳಲ್ಲಿ ಕೆಲವು ಮನೆಗಳಿಗೆ ಇನ್ನೊಂದು ಚಿಂತೆಯೂ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಲು ಸ್ವಾಧೀನವಿಲ್ಲ, ಅಥವಾ ಕಿವಿ ಕೇಳಿಸುವುದಿಲ್ಲ, ಅಥವಾ ಅಪಘಾತದಲ್ಲಿ ಕೈ ಹೋಗಿದೆ. ಅವರು ಸುಮ್ಮನೆ ಕೂತಿಲ್ಲ. ಪಂಕ್ಚರ್ ಅಂಗಡಿಯಲ್ಲೋ, ಹೊಲಿಗೆ ಯಂತ್ರದ ಮುಂದೆಯೋ, ವಡ್ಡಹಳ್ಳಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಲೋ ನಾಲ್ಕು ಕಾಸು ದುಡಿಯುತ್ತಿದ್ದಾರೆ. ಪಿಂಚಣಿಯ ಮಾತು ಬಂದ ಕೂಡಲೇ ತಂದೆ ತಾಯಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಕೆಲಸ ಬಿಡಿಸಿ ಅರ್ಜಿ ಹಾಕಿಸಬೇಕಾ? ದುಡೀತಾನೆ ಅಂತ ಗೊತ್ತಾದ್ರೆ ಸರ್ಟಿಫಿಕೇಟ್ ಕೊಡಲ್ಲವಂತೆ."

ಈ "ಅಂತೆ"ಯನ್ನು ನಂಬಿ ಕೆಲಸ ಬಿಟ್ಟವರಿದ್ದಾರೆ. ಕೆಲಸ ಬಿಡಲಾಗದೆ ಅರ್ಜಿಯನ್ನೇ ಹಾಕದೆ ವರ್ಷಗಳನ್ನು ಕಳೆದವರೂ ಇದ್ದಾರೆ. ಎರಡರಲ್ಲೂ ನಷ್ಟ ಮನೆಗೇ. ಹಾಗಾಗಿ ಈ ವರ್ಷದ ವರದಿಯಲ್ಲಿ ಕೆಲವು ಪುಟಗಳನ್ನು ಈ ವಿಷಯಕ್ಕೆ ಇಟ್ಟಿದ್ದೇವೆ. ದಾನಿಗಳೂ ಇದನ್ನು ಓದಬೇಕೆಂದು ವಿನಂತಿ. ಕೊನೆಯಲ್ಲಿ ಅವರಿಗೆ ಸಂಬಂಧಪಟ್ಟ ಮಾತೂ ಇದೆ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಅಂಗವೈಕಲ್ಯ ಪ್ರಮಾಣಪತ್ರ ಬೇರೆ, ಪಿಂಚಣಿ ಬೇರೆ. ಒಂದನ್ನು ಕೊಡುವುದು ವೈದ್ಯರು, ಇನ್ನೊಂದನ್ನು ಮಂಜೂರು ಮಾಡುವುದು ಕಂದಾಯ ಇಲಾಖೆ. ವೈದ್ಯರು ನೋಡುವುದು ಶರೀರವನ್ನು, ಕಂದಾಯ ಇಲಾಖೆ ನೋಡುವುದು ಆದಾಯವನ್ನು. "ಈತ ಕೆಲಸ ಮಾಡುತ್ತಾನೋ ಇಲ್ಲವೋ" ಎಂಬುದು ಈ ಎರಡೂ ಕಡೆ ಅರ್ಹತೆಯ ಷರತ್ತಲ್ಲ.

ಪ್ರಮಾಣಪತ್ರದ ವಿಷಯ ನೋಡೋಣ. ಈಗ ಜಾರಿಯಲ್ಲಿರುವುದು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಹೊಸದರಲ್ಲಿ 21 ಇವೆ. ಕುಷ್ಠರೋಗದಿಂದ ಗುಣವಾದವರು, ಮಾನಸಿಕ ಕಾಯಿಲೆಯುಳ್ಳವರು, ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆಯವರು, ಆಸಿಡ್ ದಾಳಿಗೆ ಒಳಗಾದವರು, ಕಲಿಕೆಯ ನ್ಯೂನತೆಯ ಮಕ್ಕಳು, ಎಲ್ಲರೂ ಅದರಲ್ಲಿ ಬರುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಈ ಶೇಕಡಾವಾರನ್ನು ಹೇಗೆ ಎಣಿಸುತ್ತಾರೆ ಎಂಬುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ಕಿವಿ ಎಷ್ಟು ಸಣ್ಣ ಶಬ್ದ ಕೇಳುತ್ತದೆ, ಸರಿಯಾದ ಕನ್ನಡಕ ಹಾಕಿದ ಮೇಲೂ ಕಣ್ಣಿಗೆ ಯಾವ ಸಾಲಿನ ಅಕ್ಷರ ಕಾಣುತ್ತದೆ, ಇವುಗಳಿಗೆ ಕೋಷ್ಟಕಗಳಿವೆ. ಉದಾಹರಣೆಗೆ, ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದನ್ನು ಶೇ. 30 ಎಂದು ಎಣಿಸುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಣ್ಣು ಕಳೆದುಕೊಂಡ ಹುಡುಗ ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಅದು 30 ಇದ್ದದ್ದು 40 ಆಗುವುದಿಲ್ಲ. ಹಾಗೆಯೇ ಒಂದು ಕಾಲು ಪೋಲಿಯೋದಿಂದ ಸೊರಗಿದ ಹೆಣ್ಣುಮಗಳು ದಿನವಿಡೀ ಹೊಲಿದರೂ ಅವಳ ಶೇಕಡಾವಾರು ಕಡಿಮೆಯಾಗುವುದಿಲ್ಲ. ಕೋಷ್ಟಕದಲ್ಲಿ ಹೊಲಿಗೆಗೆ ಅಂಕವಿಲ್ಲ.

ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಒಂದು ವಿಷಯ ಇಲ್ಲಿ ಹೇಳಲೇಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಭಾಗದಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಆ ನೀರು ಕುಡಿದು ಬೆನ್ನು ಬಗ್ಗಿದವರು, ಮೊಣಕಾಲು ಮಡಚಲಾಗದವರು ನಮ್ಮ ಹಳ್ಳಿಗಳಲ್ಲಿದ್ದಾರೆ. 21ರ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಆದರೆ ಅದರಿಂದ ಕೈಕಾಲು, ಬೆನ್ನಿನ ಚಲನೆ ಕುಗ್ಗಿದ್ದರೆ ಅದನ್ನು ಚಲನವೈಕಲ್ಯವೆಂದು ಪರೀಕ್ಷಿಸಬಹುದು. "ಇದು ವಯಸ್ಸಿನ ನೋವು" ಎಂದುಕೊಂಡು ಬಿಟ್ಟಿರುವ ಹಿರಿಯರನ್ನು ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ.

ಮಧ್ಯವರ್ತಿಗಳು ಹೇಳಿಕೊಡುವ ಪಾಠ ಬೇರೆ. "ಡಾಕ್ಟರ್ ಮುಂದೆ ಕೆಲಸದ ಮಾತು ಎತ್ತಬೇಡ, ಇನ್ನಷ್ಟು ಕುಂಟು, ಏನೂ ಆಗಲ್ಲ ಅನ್ನು" ಎನ್ನುತ್ತಾರೆ, ಅದಕ್ಕೆ ಹಣವನ್ನೂ ಕೇಳುತ್ತಾರೆ. ಹೀಗೆ ನಟಿಸಬೇಡಿ. ದಿನವೂ ಇಂಥವರನ್ನೇ ನೋಡುವ ವೈದ್ಯರಿಗೆ ನಟನೆ ತಿಳಿಯುತ್ತದೆ. ನಿಜವಾದ ತೊಂದರೆಯ ಮೇಲೂ ಅನುಮಾನ ಬರುತ್ತದೆ. ಬದಲಿಗೆ ಕೆಲಸದ ಬಗ್ಗೆ ಹೇಳುವುದೇ ಉಪಯೋಗ. "ಹೊಲೀತೀನಿ, ಆದ್ರೆ ಅರ್ಧ ಗಂಟೆಗೊಮ್ಮೆ ಎದ್ದು ಕಾಲು ನೀವಿಕೊಳ್ಳಬೇಕು, ಪೆಡಲ್ ತುಳಿಯೋಕೆ ಆಗಲ್ಲ, ಮೋಟಾರ್ ಹಾಕಿಸಿಕೊಂಡಿದ್ದೀನಿ" ಎಂಬ ಮಾತು ತೊಂದರೆ ಎಲ್ಲಿದೆ ಎಂಬುದನ್ನು ವೈದ್ಯರಿಗೆ ತೋರಿಸುತ್ತದೆ.

ಈ ಭಯ ಎಲ್ಲಿಂದ ಬಂತು ಎಂದು ನಾವೂ ಯೋಚಿಸಿದ್ದುಂಟು. ಒಂದು ಕಾರಣ ಹೊರದೇಶದ ಸುದ್ದಿ ಇರಬಹುದು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ವ್ಯವಸ್ಥೆಯಲ್ಲಿ ಅಂಗವೈಕಲ್ಯ ಎಂದರೇನೇ "ಗಣನೀಯ ಸಂಪಾದನೆಯ ಕೆಲಸ ಮಾಡಲಾಗದ ಸ್ಥಿತಿ" ಎಂದರ್ಥ. ಅಲ್ಲಿ 2025ರಲ್ಲಿ, ಅಂಧರಲ್ಲದವರು, ತಿಂಗಳಿಗೆ 1,620 ಡಾಲರಿಗಿಂತ ಹೆಚ್ಚು ದುಡಿಯುತ್ತಿದ್ದರೆ ಅರ್ಜಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಅರ್ಜಿ ಹಾಕಿ ಕಾಯುವ ಕಾಲದಲ್ಲಿ ಎಷ್ಟು ಕೆಲಸ ಮಾಡಬಹುದು ಎಂಬುದು ಅಲ್ಲಿನವರಿಗೆ ದೊಡ್ಡ ತಲೆನೋವು. ನಮ್ಮ ದೇಶದ ಕಾಯ್ದೆ ಆ ದಾರಿ ಹಿಡಿದಿಲ್ಲ. ಇಲ್ಲಿ ವೈಕಲ್ಯ ಇರುವವನು ಕೆಲಸ ಮಾಡುತ್ತಾನೆ ಎಂದೇ ಕಾಯ್ದೆ ಭಾವಿಸುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರ ಮೀಸಲಾತಿ ಇರುವುದು ಅದೇ ಕಾಯ್ದೆಯಲ್ಲಿ. ಸರ್ಕಾರಿ ಸೇವೆಯಲ್ಲಿರುವಾಗ ವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯಬಾರದು, ಹುದ್ದೆ ಇಳಿಸಬಾರದು ಎಂದಿರುವುದೂ ಅದರಲ್ಲೇ. ಕೆಲಸ ಮಾಡಿದರೆ ವಿಕಲಚೇತನನಲ್ಲ ಎನ್ನುವುದಾದರೆ ಈ ಮೀಸಲಾತಿಗೆ ಅರ್ಥವೇ ಇರುತ್ತಿರಲಿಲ್ಲ.

ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿಯೇ ಈಗ ಎಲ್ಲಕ್ಕೂ ಬೇಕಾದ ದಾಖಲೆ. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಈ ವ್ಯವಸ್ಥೆಯ ಮೂಲಕವೇ ಆನ್‌ಲೈನಿನಲ್ಲಿ ಕೊಡಬೇಕೆಂದು ಆದೇಶವಾಗಿದೆ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ತುಂಬಿ, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ಆಧಾರ್ ಸೇರಿಸಿ, ಜಿಲ್ಲೆಯ ಆಸ್ಪತ್ರೆಯನ್ನು ಆಯ್ದುಕೊಳ್ಳಬೇಕು. ನಮ್ಮವರು ಸಾಮಾನ್ಯವಾಗಿ ಹೋಗುವುದು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ ಪಟ್ಟಿಯ ಕಾರ್ಡು ಬರುತ್ತದೆ. ಈ ಅರ್ಜಿಯಲ್ಲಿ ನೀವು ಉದ್ಯೋಗಿ ಎಂದು ಬರೆದರೆ ಕಾರ್ಡು ತಪ್ಪುವುದಿಲ್ಲ. ಆಸ್ಪತ್ರೆಗೆ ಹೋಗುವ ದಿನ ಕೆಲಸಕ್ಕೆ ರಜೆ ಹೇಳಿ ಹೋದರೆ ಸಾಕು. ಕೆಲಸ ಬಿಡುವ ಪ್ರಶ್ನೆಯೇ ಇಲ್ಲ.

ಇಲ್ಲಿಯವರೆಗೆ ಸುಲಭ. ಪಿಂಚಣಿಯ ಮಾತು ಸ್ವಲ್ಪ ಕಠಿಣ, ಏಕೆಂದರೆ ಅಲ್ಲಿ ಹಣದ ಲೆಕ್ಕ ಬರುತ್ತದೆ.

ಕರ್ನಾಟಕ ಸರ್ಕಾರ ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ ಕೊಡುವ ಅಂಗವಿಕಲ ವೇತನ ಹೀಗಿದೆ: ಶೇ. 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, ಶೇ. 75 ಮತ್ತು ಮೇಲಿದ್ದರೆ 1,400 ರೂಪಾಯಿ, ಬುದ್ಧಿಮಾಂದ್ಯತೆ ಶೇ. 75 ಮತ್ತು ಮೇಲಿದ್ದರೆ 2,000 ರೂಪಾಯಿ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ 2009ರಿಂದ ಇದೆ. ಅದು ಬಡತನ ರೇಖೆಯ ಕೆಳಗಿರುವ, 18 ವರ್ಷ ತುಂಬಿದ, ಶೇ. 80ಕ್ಕೂ ಮೇಲ್ಪಟ್ಟ ತೀವ್ರ ವೈಕಲ್ಯದವರಿಗೆ. ಅದರಲ್ಲಿ ಕೇಂದ್ರದ ಪಾಲು ಈಗಲೂ ತಿಂಗಳಿಗೆ 300 ರೂಪಾಯಿ ಮಾತ್ರ.

ರಾಜ್ಯದ ವೇತನಕ್ಕೆ ಷರತ್ತು ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು ಎಂಬುದು. ಮಾತನ್ನು ಗಮನಿಸಿ. ಕೆಲಸ ಮಾಡಬಾರದು ಎಂದಿಲ್ಲ, ಆದಾಯ ದಾಟಬಾರದು ಎಂದಿದೆ. ನಾಡಕಚೇರಿಯ ಆದಾಯ ದೃಢೀಕರಣ ಪತ್ರದಲ್ಲಿ ಬರುವುದು ಮನೆಯ ಎಲ್ಲ ಮೂಲಗಳ ಆದಾಯ, ವಿಕಲಚೇತನ ಮಗನೊಬ್ಬನ ದುಡಿಮೆ ಅಲ್ಲ.

ಮೂರು ಮನೆಗಳನ್ನು ಊಹಿಸಿ ಲೆಕ್ಕ ಹಾಕೋಣ. ಒಂದು ಮನೆಯಲ್ಲಿ ತಂದೆ ಆಟೋ ಓಡಿಸಿ ತಿಂಗಳಿಗೆ 12,000 ತರುತ್ತಾರೆ. ಶೇ. 50 ವೈಕಲ್ಯದ ಮಗ ಪಂಕ್ಚರ್ ಅಂಗಡಿಯಲ್ಲಿ 5,000 ದುಡಿಯುತ್ತಾನೆ. ಪಿಂಚಣಿಗಾಗಿ ಮಗನ ಕೆಲಸ ಬಿಡಿಸಿದರೂ ತಂದೆಯ ಆದಾಯವೇ ವರ್ಷಕ್ಕೆ 1,44,000. ಪಿಂಚಣಿ ಬರುವುದಿಲ್ಲ, ಮಗನ 60,000 ಹೋಗುತ್ತದೆ. ಎರಡನೇ ಮನೆಯಲ್ಲಿ ವಿಧವೆ ತಾಯಿ ಮತ್ತು ಮಗ ಇಬ್ಬರೇ. ದುಡಿಯುವವನು ಅವನೊಬ್ಬನೇ, ಅದೇ 5,000. ಕೆಲಸ ಬಿಟ್ಟರೆ ಪಿಂಚಣಿ ಬರಬಹುದು, ವರ್ಷಕ್ಕೆ 9,600. ಅದಕ್ಕಾಗಿ ಕಳೆದುಕೊಳ್ಳುವುದು 60,000. ಇಂಥ ವ್ಯಾಪಾರವನ್ನು ಯಾರೂ ಮಾಡಬಾರದು.

ಮೂರನೇ ಮನೆ ನೋಡಿ. ವಯಸ್ಸಾದ ತಾಯಿಯೊಂದಿಗೆ ಇರುವ, ಶೇ. 75 ವೈಕಲ್ಯದ ಒಬ್ಬ ಸಹೋದರಿ ಮನೆಯಲ್ಲೇ ಹೊಲಿಯುತ್ತಾರೆ. ರಮಝಾನಿನ ತಿಂಗಳು ಮತ್ತು ಮದುವೆಯ ಒಂದು ತಿಂಗಳು ತಲಾ 4,000 ಬರುತ್ತದೆ. ಉಳಿದ ಹತ್ತು ತಿಂಗಳು 1,500ರ ಆಸುಪಾಸು. ಒಟ್ಟು 23,000. ಇವರು ಕೆಲಸ ಮಾಡುತ್ತಿದ್ದಾರೆ, ಮತ್ತು ಪಿಂಚಣಿಗೂ ಅರ್ಹರು. ಎರಡೂ ಒಟ್ಟಿಗೆ ಇರಬಹುದು, ಕಾನೂನಿನ ಪ್ರಕಾರವೇ. ಇಂಥವರು ಮಾಡುವ ತಪ್ಪು ಏನೆಂದರೆ, ವಿಚಾರಣೆಗೆ ಬಂದವರು "ತಿಂಗಳಿಗೆ ಎಷ್ಟು ಬರುತ್ತಮ್ಮಾ" ಎಂದಾಗ ಹಬ್ಬದ ತಿಂಗಳ ನೆನಪಿನಲ್ಲಿ "ನಾಲ್ಕು ಸಾವಿರ" ಎಂದುಬಿಡುವುದು. ನಾಲ್ಕು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೆ 48,000; ಅರ್ಜಿ ತಿರಸ್ಕಾರ. ದಿನಗೂಲಿ, ಬೀಡಿ, ಹೊಲಿಗೆ, ಹಮಾಲಿಯಂಥ ಏರಿಳಿತದ ದುಡಿಮೆಯವರು ಹನ್ನೆರಡು ತಿಂಗಳ ನಿಜವಾದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಕೆಲಸವಿಲ್ಲದ ದಿನಗಳು, ಕಾಯಿಲೆ ಬಿದ್ದ ವಾರಗಳು ಅದರಲ್ಲಿ ಬರಲಿ. ಕೇಳಿದಾಗ ಅದನ್ನೇ ಹೇಳಿ. ಇದರಲ್ಲಿ ಮುಚ್ಚುಮರೆ ಇಲ್ಲ, ಉತ್ಪ್ರೇಕ್ಷೆಯೂ ಇಲ್ಲ.

ಈ 32,000ದ ಮಿತಿ ಎಷ್ಟು ಕೆಳಗಿದೆ ಎಂಬುದನ್ನೂ ಹೇಳಬೇಕು. ದಿನಕ್ಕೆ 88 ರೂಪಾಯಿಗೂ ಕಡಿಮೆ ಬೀಳುತ್ತದೆ. 2024–25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆಗ ಒಂದು ಮನೆ ಸರ್ಕಾರವೇ ಕೊಡುತ್ತಿದ್ದ 100 ದಿನದ ಕೆಲಸವನ್ನು ಪೂರ್ತಿ ಮಾಡಿದ್ದರೆ 34,900. ಪಿಂಚಣಿಯ ಮಿತಿ ದಾಟಿತು! ಬಿಪಿಎಲ್ ಪಡಿತರ ಚೀಟಿಗೆ ಅದೇ ಸರ್ಕಾರ 1,20,000ದವರೆಗೆ ಆದಾಯ ಒಪ್ಪುತ್ತದೆ. ಪಡಿತರಕ್ಕೆ ಬಡವ, ಪಿಂಚಣಿಗೆ ಅಲ್ಲ ಎಂಬ ಈ ಎರಡು ಅಳತೆ ನಮಗೆ ಸರಿಯೆನಿಸುವುದಿಲ್ಲ.

ಇನ್ನೊಂದು ಮಾತು. 2016ರ ಕಾಯ್ದೆಯ 24ನೇ ಕಲಂ ಪ್ರಕಾರ ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಸಾಮಾಜಿಕ ಭದ್ರತಾ ಯೋಜನೆಗಳನ್ನು ಮಾಡಬೇಕು, ಮತ್ತು ಅವುಗಳಲ್ಲಿ ವಿಕಲಚೇತನರಿಗೆ ಸಿಗುವ ನೆರವು ಇತರರ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು. ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ 1,200 ರೂಪಾಯಿ, ವಿಧವಾ ವೇತನ 800 ರೂಪಾಯಿ. ಶೇ. 40ರಿಂದ 74ರ ವಿಕಲಚೇತನರಿಗೂ ಅದೇ 800. ವಿಧವಾ ವೇತನಕ್ಕೆ ಹೋಲಿಸಿದರೆ 1,000 ಆಗಬೇಕಿತ್ತು, ಸಂಧ್ಯಾ ಸುರಕ್ಷಾಕ್ಕೆ ಹೋಲಿಸಿದರೆ 1,500. ಶಾಸಕರು, ಪಂಚಾಯಿತಿ ಸದಸ್ಯರು ನಮ್ಮ ಕಾರ್ಯಕ್ರಮಗಳಿಗೆ ಬಂದಾಗ ಹಾರ ಹಾಕುವುದರ ಜೊತೆಗೆ ಈ ಲೆಕ್ಕವನ್ನೂ ಕೈಗೆ ಕೊಡುವುದು ಒಳ್ಳೆಯದು.

ಮಿತಿ ಅನ್ಯಾಯದ್ದು ಎಂದು ಸುಳ್ಳು ಆದಾಯ ಬರೆಸಬಹುದೇ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರಿದ್ದಾರೆ. ಟ್ರಸ್ಟಿನ ಉತ್ತರ: ಬೇಡ. ದೀನಿನ ದೃಷ್ಟಿಯಿಂದ ಅದು ಸುಳ್ಳು ಸಾಕ್ಷಿ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದುನಿಯಾದ ದೃಷ್ಟಿಯಿಂದಲೂ ಅದು ಮನೆಯ ಮಕ್ಕಳಿಗೇ ತಿರುಗಿ ಬೀಳುತ್ತದೆ. ನಾಡಕಚೇರಿ ಕೊಡುವ ಪ್ರತಿ ಆದಾಯ ಪತ್ರಕ್ಕೂ ಒಂದು ಆರ್‌ಡಿ ಸಂಖ್ಯೆ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿಗೆ ಅದೇ ಸಂಖ್ಯೆ ಕೊಡಬೇಕು. ನಮ್ಮ ಟ್ರಸ್ಟಿನ ಅರ್ಜಿಯಲ್ಲೂ ಅದನ್ನೇ ಕೇಳುತ್ತೇವೆ. ಪಿಂಚಣಿಗೆ 30,000 ಎಂದು, ಬ್ಯಾಂಕ್ ಸಾಲಕ್ಕೆ 2 ಲಕ್ಷ ಎಂದು ಒಂದೇ ಮನೆ ಹೇಳಿದರೆ ಎಲ್ಲ ಕಡೆಯೂ ಆಧಾರ್ ಒಂದೇ. ವಿದ್ಯಾರ್ಥಿವೇತನ ಕಟ್ಟಾದರೆ ಹೊಡೆತ ಬೀಳುವುದು ಓದುವ ಮಗುವಿಗೆ.

ಅಂಚಿನಲ್ಲಿರುವವರ ಕಷ್ಟ ನಮಗೆ ಅರ್ಥವಾಗುತ್ತದೆ. ಶೇ. 75 ವೈಕಲ್ಯದ ಒಬ್ಬರ ಮನೆ ಆದಾಯ 32,000 ಇದ್ದರೆ, 16,800 ಪಿಂಚಣಿ ಸೇರಿ 48,800 ಆಗುತ್ತದೆ. ಅದೇ ಮನೆ ಇನ್ನಷ್ಟು ದುಡಿದು 36,000 ಮಾಡಿಕೊಂಡರೆ ಪಿಂಚಣಿ ಪೂರ್ತಿ ಹೋಗಿ ಕೈಯಲ್ಲಿ ಉಳಿಯುವುದು 36,000 ಮಾತ್ರ. ಹೆಚ್ಚು ದುಡಿದು ಬಡವರಾಗುವುದು! ಆದಾಯ ಹೆಚ್ಚಿದಂತೆ ಪಿಂಚಣಿ ಸ್ವಲ್ಪ ಸ್ವಲ್ಪವೇ ಇಳಿಯುವ ವ್ಯವಸ್ಥೆ ಇದ್ದರೆ ಈ ಹಳ್ಳ ಇರುತ್ತಿರಲಿಲ್ಲ. ಅದು ಇಲ್ಲ. ಈ ಹಳ್ಳದಲ್ಲಿರುವ ಮನೆಗಳಿಗೆ ಸುಳ್ಳು ಹೇಳಿಕೊಡುವ ಬದಲು ನೆರವು ಕೊಡುವುದು ನಮ್ಮಂಥ ಟ್ರಸ್ಟುಗಳ ಕೆಲಸ.

ಅರ್ಜಿಯ ದಾರಿ ಹೀಗಿದೆ. ಯುಡಿಐಡಿ ಕಾರ್ಡು, ಆಧಾರ್, ಪಡಿತರ ಚೀಟಿ, ಆದಾಯ ಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕ ಹಿಡಿದು ನಿಮ್ಮ ಹೋಬಳಿಯ ನಾಡಕಚೇರಿಗೆ ಹೋಗಿ. ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂದು ಫಲಕ ಇರುವುದೂ ಅದೇ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿಯನ್ನು ತಪ್ಪದೆ ಕೇಳಿ ಪಡೆಯಿರಿ. ಸಕಾಲ ಕಾಯ್ದೆಯಡಿ ಅದರ ಮೇಲೆ ಸಂಖ್ಯೆಯೂ ಗಡುವಿನ ದಿನಾಂಕವೂ ಇರುತ್ತದೆ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರು, ಸ್ಥಳ ವಿಚಾರಣೆ ಮಾಡುತ್ತಾರೆ. ಆ ದಿನ ನೀವು ಕೆಲಸಕ್ಕೆ ಹೋಗಿದ್ದರೆ ಗಾಬರಿ ಬೇಡ. "ಮಗ ಕೆಲಸಕ್ಕೆ ಹೋಗಿದ್ದಾನೆ" ಎನ್ನಲು ಮನೆಯವರು ಹೆದರಿ "ಆಸ್ಪತ್ರೆಗೆ ಹೋಗಿದ್ದಾನೆ" ಎನ್ನುವುದುಂಟು. ಇದ್ದದ್ದನ್ನು ಹೇಳಿ, ಎಷ್ಟು ಬರುತ್ತದೆ ಎಂದು ಲೆಕ್ಕ ಕೊಡಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೇಲ್ಮನವಿ ಸಲ್ಲಿಸಲು ಅದು ಬೇಕು.

ಈಗಾಗಲೇ ವಿಧವಾ ವೇತನವೋ ಸಂಧ್ಯಾ ಸುರಕ್ಷಾವೋ ಪಡೆಯುತ್ತಿರುವವರಿಗೆ ಅದರ ಜೊತೆ ಅಂಗವಿಕಲ ವೇತನ ಸಿಗುವುದಿಲ್ಲ. ಯಾವುದು ಹೆಚ್ಚೋ ಅದನ್ನು ಆರಿಸಿಕೊಳ್ಳಿ.

ಓಡಾಟಕ್ಕೆ ಜನ ಬೇಕಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರೇ ಸಾಮಾನ್ಯವಾಗಿ ವಿಕಲಚೇತನರು. ಈ ದಾರಿಯನ್ನು ತಾವೇ ನಡೆದವರು. ಮಧ್ಯವರ್ತಿಗೆ ಕೊಡುವ ಹಣ ಉಳಿಸಿ ಇವರನ್ನು ಕೇಳಿ.

ಆದಾಯ ಮಿತಿ ದಾಟಿದ ಕಾರಣಕ್ಕೆ ಪಿಂಚಣಿ ಸಿಗದಿದ್ದರೂ ಕಾರ್ಡು ವ್ಯರ್ಥವಲ್ಲ. ಕೆಲಸಕ್ಕೆ ಹೋಗುವವರಿಗೇ ಅದರ ಉಪಯೋಗ ಹೆಚ್ಚು ಎಂದರೂ ಸರಿ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, 100 ಕಿಲೋಮೀಟರ್ ವ್ಯಾಪ್ತಿಯೊಳಗೆ ಓಡಾಡಬಹುದು. ದೇವರಾಯಸಮುದ್ರದಿಂದ ದಿನವೂ ಕೋಲಾರಕ್ಕೋ ನರಸಾಪುರಕ್ಕೋ ಬಸ್ಸಿನಲ್ಲಿ ಹೋಗಿಬರುವವನಿಗೆ ಆ ಹಣ ಕೆಲವೇ ದಿನಗಳಲ್ಲಿ ಹುಟ್ಟುತ್ತದೆ. ಉದ್ಯೋಗ ಖಾತರಿ ಕೆಲಸದಲ್ಲಿ ವಿಕಲಚೇತನರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿ ಇದೆ, ಕೂಲಿ ಮಾತ್ರ ಪೂರ್ತಿ. ಓದುವ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ವಿಕಲಚೇತನ ವಿದ್ಯಾರ್ಥಿವೇತನಕ್ಕೆ ಪೋಷಕರ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಪಿಂಚಣಿ ಸಿಗದ ಎಷ್ಟೋ ಮನೆಗಳು ಇದರೊಳಗೆ ಬರುತ್ತವೆ. ಆದರೂ "ಪಿಂಚಣಿಯೇ ಬರಲಿಲ್ಲ, ಇದೆಲ್ಲಿ ಬರುತ್ತೆ" ಎಂದು ಅರ್ಜಿ ಹಾಕದೆ ಬಿಡುತ್ತಾರೆ.

ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ನಮ್ಮ ಯುವಕ ಯುವತಿಯರು ಹೋಗುತ್ತಾರೆ. ತಿಂಗಳ ಸಂಬಳ 21,000ದವರೆಗೆ, ವಿಕಲಚೇತನರಾಗಿದ್ದರೆ 25,000ದವರೆಗೆ, ಇಎಸ್ಐ ವ್ಯಾಪ್ತಿಗೆ ಬರುತ್ತದೆ. ಕೆಲಸದಲ್ಲಿ ಗಾಯವಾಗಿ ಬೆರಳೋ ಕೈಯೋ ಶಾಶ್ವತವಾಗಿ ಊನವಾದರೆ ಇಎಸ್ಐ ವೈದ್ಯಕೀಯ ಮಂಡಳಿ ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂದು ನಿರ್ಧರಿಸುತ್ತದೆ. ಅದರಂತೆ ಶಾಶ್ವತ ಅಂಗವೈಕಲ್ಯ ಪರಿಹಾರ ಬರುತ್ತದೆ. ಆಮೇಲೆ ಅದೇ ಕಾರ್ಖಾನೆಗೋ ಬೇರೆಡೆಗೋ ಕೆಲಸಕ್ಕೆ ಹೋದರೂ ಅದು ನಿಲ್ಲುವುದಿಲ್ಲ. 32,000ದ ಮಿತಿಯೂ ಅದಕ್ಕಿಲ್ಲ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅಪಘಾತಕ್ಕೂ ಸಂಬಂಧ ಸಾಬೀತಾದರೆ, ಇದರಲ್ಲಿ ಸೇರುತ್ತದೆ. ನಮ್ಮ ಹೆದ್ದಾರಿಯ ಸ್ಥಿತಿ ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ. ಗಾಯವಾದ ದಿನವೇ ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. "ಆಸ್ಪತ್ರೆ ಖರ್ಚು ನಾವೇ ನೋಡ್ಕೋತೀವಿ, ಬರೆಸಬೇಡ" ಎಂಬ ಮಾತಿಗೆ ಒಪ್ಪಬೇಡಿ.

ಇನ್ನು ದಾನಿಗಳಿಗೆ. ಕುಟುಂಬಗಳಲ್ಲಿ "ದುಡಿದರೆ ಪಿಂಚಣಿ ಇಲ್ಲ" ಎಂಬ ಭಯ ಇರುವಂತೆ, ಕೊಡುವ ಕೈಗಳಲ್ಲಿ "ದುಡಿಯುವವನಿಗೆ ಝಕಾತ್ ಏಕೆ" ಎಂಬ ಅನುಮಾನ ಇದೆ. ಅಂಗಡಿ ಇಟ್ಟುಕೊಂಡಿದ್ದಾನಲ್ಲ, ಸ್ಕೂಟರ್ ಇದೆಯಲ್ಲ ಎನ್ನುತ್ತಾರೆ. ಸೂರಾ ಕಹ್ಫ್‌ನಲ್ಲಿ ಮೂಸಾ ಅಲೈಹಿಸ್ಸಲಾಂ ಮತ್ತು ಖಿಝರ್ ಅವರ ಪ್ರಸಂಗ ನೆನಪಿಸಿಕೊಳ್ಳಿ. ಅಲ್ಲಿ ಬರುವ ಹಡಗಿನ ಒಡೆಯರು ಸಮುದ್ರದಲ್ಲಿ ದುಡಿಯುವವರು. ದುಡಿಮೆ ಇತ್ತು, ಹಡಗೂ ಇತ್ತು. ಆದರೂ ಕುರ್‌ಆನ್ ಅವರನ್ನು ಮಿಸ್ಕೀನರು ಎಂದೇ ಕರೆದಿದೆ. ಹನಫಿ ಫಿಖ್ಹಿನಲ್ಲೂ ಅಳತೆ ನಿಸಾಬ್. ಅಗತ್ಯಗಳನ್ನು ಕಳೆದು 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟು ಆಸ್ತಿ ಇಲ್ಲದವನು, ಆರೋಗ್ಯವಂತನಾಗಿ ದುಡಿಯುತ್ತಿದ್ದರೂ, ಝಕಾತ್ ಪಡೆಯಬಹುದು. ಹೊಲಿಗೆ ಯಂತ್ರ, ಕೈಗಾಡಿ, ಓಡಾಟದ ಮೂರು ಗಾಲಿಯ ಸ್ಕೂಟರ್ ಇವು ಅವನ ಅಗತ್ಯಗಳು. ಪಿಂಚಣಿಯ ಮಿತಿ ದಾಟಿದ, ಆದರೆ ನಿಸಾಬಿನ ಹತ್ತಿರಕ್ಕೂ ಬಾರದ ಮನೆಗಳು ನಮ್ಮ ಸುತ್ತ ಬಹಳ ಇವೆ. ಸರ್ಕಾರದ ಲೆಕ್ಕದಲ್ಲಿ ಅವರು ಬಡವರಲ್ಲ.

ಆದ್ದರಿಂದ ಮುಂದಿನ ವರ್ಷದ ವಿದ್ಯಾರ್ಥಿವೇತನಕ್ಕೆ ಟ್ರಸ್ಟ್ ಮಂಡಳಿ ಈ ನಿಯಮಗಳನ್ನು ಅನುಸರಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಅಂಗವಿಕಲ ವೇತನ ಬರುತ್ತಿದ್ದರೆ ಅದನ್ನು ಕುಟುಂಬದ ಆದಾಯವೆಂದು ಎಣಿಸುವುದಿಲ್ಲ. ವಿಕಲಚೇತನ ವಿದ್ಯಾರ್ಥಿ ರಜೆಯಲ್ಲೋ ಸಂಜೆಯಲ್ಲೋ ಕೆಲಸ ಮಾಡಿ ಗಳಿಸಿದ್ದನ್ನೂ ಎಣಿಸುವುದಿಲ್ಲ. ಅರ್ಜಿಯಲ್ಲಿ ಬರೆಯಲು ಹಿಂಜರಿಯಬೇಡಿ. ಪೋಷಕರಲ್ಲಿ ಒಬ್ಬರು ವಿಕಲಚೇತನರಾಗಿದ್ದು ದುಡಿಯುತ್ತಿದ್ದರೆ ಆ ಮನೆಯ ಅರ್ಜಿಯನ್ನು ಮೊದಲು ಪರಿಗಣಿಸುತ್ತೇವೆ. ಪಿಂಚಣಿ ಅರ್ಜಿ ತಿರಸ್ಕಾರವಾದ ಮನೆಗಳು ಆ ಪತ್ರದ ಪ್ರತಿಯನ್ನು ಲಗತ್ತಿಸಿದರೆ ಬಸ್ ಪಾಸ್, ಕ್ಯಾಲಿಪರ್, ಶ್ರವಣ ಸಾಧನದ ಬ್ಯಾಟರಿ, ಹೊಲಿಗೆ ಯಂತ್ರದ ಮೋಟಾರಿನಂಥ ಖರ್ಚಿಗೆ ಝಕಾತ್ ನಿಧಿಯಿಂದ ನೆರವು ಕೋರಬಹುದು. ದಾನಿಗಳು ತಮ್ಮ ಮೊತ್ತವನ್ನು ಈ ಉದ್ದೇಶಕ್ಕೇ ಮೀಸಲಿಡಬೇಕೆಂದಿದ್ದರೆ ರಸೀದಿಯ ಮೇಲೆ ಹಾಗೆಂದು ಬರೆಸಿ.

ಅರ್ಜಿ ತುಂಬಲು ಬರುವಾಗ ಯುಡಿಐಡಿ ಕಾರ್ಡು ಅಥವಾ ಅದರ ನೋಂದಣಿ ಸಂಖ್ಯೆ, ಆರ್‌ಡಿ ಸಂಖ್ಯೆ ಇರುವ ಆದಾಯ ಪತ್ರ, ಮತ್ತು ಮೇಲೆ ಹೇಳಿದ ಹನ್ನೆರಡು ತಿಂಗಳ ದುಡಿಮೆಯ ಹಾಳೆ ತನ್ನಿ. ಹಾಳೆ ಬರೆಯಲು ಬಾರದವರು ಜುಮಾ ನಮಾಝಿನ ನಂತರ ಕಚೇರಿಗೆ ಬಂದರೆ ನಮ್ಮ ಹುಡುಗರು ಕೂತು ಬರೆದುಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಭಾನುವಾರ ಬೆಳಿಗ್ಗೆ ಈ ವ್ಯವಸ್ಥೆ ಇದೆ. ಇದಕ್ಕೆ ಯಾವ ಶುಲ್ಕವೂ ಇಲ್ಲ. ಕೆಲಸದ ದಿನ ಕಳೆದುಕೊಂಡು ಬರಬೇಡಿ.